ಸೀಟಿಗೆ ಕಟ್ಟಿದ ವೀಸಾ

ಹೋದ ದಸರೆ ಮುಗಿದ ವಾರ. ರಾತ್ರಿ ಊಟ ಮುಗಿಸಿ ಕೂತಿದ್ದೆ. ಪಕ್ಕದ ವಿಂಗ್‌ನ ಬೆಳಗಾವಿಯವರು ಬಂದರು. ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೋಲ್ಡರ್. ಪುಣೆಯ ಕರ್ವೆನಗರದ ನಮ್ಮ ಸೊಸೈಟಿಯಲ್ಲಿ ಕನ್ನಡದವರ ಮನೆ ಒಂಬತ್ತೋ ಹತ್ತೋ ಇರಬಹುದು. ಅವರೆಲ್ಲರ ಫೋಲ್ಡರುಗಳೂ ಒಂದಲ್ಲ ಒಂದು ದಿನ ನಮ್ಮ ಮನೆಗೇ ಬರುತ್ತವೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಟೇಬಲ್ಲಿನಲ್ಲಿ ಹದಿನೇಳು ವರ್ಷ ಕೂತು ನಿವೃತ್ತನಾದವನಿಗೆ ಬೇರೇನು ಬರುತ್ತೆ ಹೇಳಿ.

"ಸರ, ಕೆನಡಾದಾಗ ಓದೂ ಮಗಳು ಕಾಲೇಜ್ ಬದಲಿ ಮಾಡ್ತೀನಿ ಅಂತಾಳ್ರೀ. ಹೊಸಾ ಕಾಲೇಜಿಗೆ ಸಾವಿರ ಡಾಲರ್ ಡಿಪಾಜಿಟ್ ತುಂಬಿಬಿಟ್ಟಾಳ. ಈಗ ನೋಡಿದ್ರ ಪರ್ಮಿಟ್ಟೇ ಹೊಸಾದು ಬೇಕಂತ್ರೀ. ಕಾಲೇಜ್ ಬದಲಿ ಮಾಡಾಕ ಸರ್ಕಾರದ ಪರವಾನಗಿ ಯಾಕ ಬೇಕ್ರೀ?"

ನ್ಯಾಯವಾದ ಪ್ರಶ್ನೆ. ಇಲ್ಲಿ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಬೇಕಾದರೆ ಹಳೆ ಕಾಲೇಜಿನ ಆಫೀಸಿನಲ್ಲಿ ಕ್ಲರ್ಕಿಗೆ ಎರಡು ಸಲ ನಮಸ್ಕಾರ ಹೊಡೆದು ಎಲ್‌ಸಿ, ಅಂದರೆ ಕಾಲೇಜು ಬಿಟ್ಟ ಸರ್ಟಿಫಿಕೇಟು, ತಗೊಂಡರೆ ಆಯಿತು. ಯೂನಿವರ್ಸಿಟಿಯೇ ಬೇರೆ ಆದರೆ ಮೈಗ್ರೇಶನ್ ಸರ್ಟಿಫಿಕೇಟು. ಪೊಲೀಸರಿಗೂ ಗೃಹ ಇಲಾಖೆಗೂ ಅದರಲ್ಲಿ ಏನು ಕೆಲಸ?

ಕೆನಡಾದಲ್ಲೂ 2024ರ ನವೆಂಬರ್ 8ರ ತನಕ ಹೆಚ್ಚುಕಮ್ಮಿ ಹೀಗೇ ಇತ್ತು. ಸ್ಟಡಿ ಪರ್ಮಿಟ್, ಅಂದರೆ ಅಲ್ಲಿ ಓದಲು ಸರ್ಕಾರ ಕೊಡುವ ಅನುಮತಿ, ಇದ್ದ ಹುಡುಗ ಕಾಲೇಜು ಬದಲಿಸಿದರೆ ತನ್ನ ಆನ್‌ಲೈನ್ ಖಾತೆಗೆ ಹೋಗಿ ಹೊಸ ಕಾಲೇಜಿನ ಹೆಸರು ತುಂಬುತ್ತಿದ್ದ. ಸರ್ಕಾರಕ್ಕೆ ತಿಳಿಸಿದ ಹಾಗಾಯಿತು, ಅಷ್ಟೇ. ಬೆಳಗಾವಿಯವರ ಅಣ್ಣನ ಮಗ 2022ರಲ್ಲಿ ಮೊಬೈಲಿನಲ್ಲೇ ಈ ಕೆಲಸ ಮುಗಿಸಿದ್ದ. ಹುಡುಗಿ ಅವನನ್ನು ಕೇಳಿದಳು, ಅವನು ತಾನು ಮಾಡಿದ್ದನ್ನು ಹೇಳಿದ, ಇವಳು ದುಡ್ಡು ಕಟ್ಟಿದಳು. ಅವನು ಸುಳ್ಳು ಹೇಳಲಿಲ್ಲ. ಅವನ ಕಾಲಕ್ಕೆ ಅದು ಸರಿಯೇ ಇತ್ತು.

ಈಗ ಪರ್ಮಿಟ್‌ನಲ್ಲಿ ಯಾವ ಕಾಲೇಜಿನ ಹೆಸರಿದೆಯೋ ಅಲ್ಲೇ ಓದಬೇಕು. ಪಿಯುಸಿ ಮುಗಿಸಿ ಮುಂದೆ ಓದಲು ಹೋದವರಿಗೆಲ್ಲ ಇದು ಅನ್ವಯ. ಕಾಲೇಜು ಬದಲಿಸಬೇಕಾದರೆ ಹೊಸ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅಂದರೆ ಹೊಸ ಪ್ರವೇಶ ಪತ್ರ, ಬಹುತೇಕರಿಗೆ ಆ ಪ್ರಾಂತ್ಯದ ಸರ್ಕಾರ ಕೊಡುವ ದೃಢೀಕರಣ ಪತ್ರ, ಕೈಯಲ್ಲಿ ದುಡ್ಡಿದೆ ಎಂಬ ಪುರಾವೆ, ಎಲ್ಲ ಮತ್ತೆ ಮೊದಲಿನಿಂದ. ಈ ದುಡ್ಡಿನ ಪುರಾವೆ 2023ರ ಕೊನೆಯವರೆಗೆ ಫೀಸು ಬಿಟ್ಟು ವರ್ಷಕ್ಕೆ 10,000 ಕೆನಡಾ ಡಾಲರ್ ಇತ್ತು. 2024ರ ಜನವರಿಯಲ್ಲಿ 20,635 ಆಯಿತು. 2025ರ ಸೆಪ್ಟೆಂಬರ್ 1ರಿಂದ 22,895. ಹುಡುಗಿ ಹೊರಟಾಗ ತೋರಿಸಿದ ಲೆಕ್ಕ ಈಗ ನಡೆಯುವುದಿಲ್ಲ.

ಒಂದೇ ಕ್ರಿಯಾಪದ ಬದಲಾಗಿದೆ ನೋಡಿ. ಮೊದಲು 'ತಿಳಿಸು', ಈಗ 'ಕೇಳು'. ತಿಳಿಸುವವನಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಳುವವನಿಗೆ ಅನ್ನಬಹುದು. ನಮ್ಮ ಮಕ್ಕಳು ಜಾಸ್ತಿ ಹೋಗುವ ನಾಲ್ಕು ದೊಡ್ಡ ದೇಶಗಳಲ್ಲೂ ಈ ಎರಡು ಮೂರು ವರ್ಷಗಳಲ್ಲಿ ನಡೆದಿರುವುದು, ನಡೆಯುತ್ತಿರುವುದು ಇದೇ. ಮೊದಲು ವೀಸಾ ಓದಲು ಬಂದ ಮನುಷ್ಯನ ಹೆಸರಲ್ಲಿತ್ತು. ಈಗ ಅದನ್ನು ಅವನು ಕೂರುವ ಸೀಟಿಗೆ ಕಟ್ಟುತ್ತಿದ್ದಾರೆ. ಸೀಟು ಬಿಟ್ಟು ಎದ್ದರೆ ವೀಸಾ ಅಲ್ಲೇ ಉಳಿಯುತ್ತೆ.

ಇದಕ್ಕೆ ಕಾರಣ ಬರೀ ವಲಸೆ ವಿರೋಧದ ರಾಜಕೀಯ ಅಂತ ಹೇಳಿಬಿಡುವುದು ಸುಲಭ. ರಾಜಕೀಯ ಇದ್ದೇ ಇದೆ. ಬಾಡಿಗೆ ಏರಿತು, ಮನೆ ಸಿಗುತ್ತಿಲ್ಲ ಅಂತ ಅಲ್ಲಿಯ ಜನ ಕೂಗಿದರು. 2024ರ ಜನವರಿ 22ರಂದು ಕೆನಡಾ ಹೊಸ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಆದರೆ ಕಾಲೇಜು ಬದಲಾವಣೆಯ ನಿಯಮಕ್ಕೆ ಬೇರೆ ಕಥೆಯೂ ಇದೆ, ಅದರಲ್ಲಿ ನಮ್ಮವರ ಪಾತ್ರವೂ ಇದೆ.

2023ರಲ್ಲಿ ಪಂಜಾಬಿನ ನೂರಾರು ವಿದ್ಯಾರ್ಥಿಗಳಿಗೆ ಕೆನಡಾ ಗಡೀಪಾರಿನ ನೋಟಿಸು ಕಳಿಸಿದ ಸುದ್ದಿ ನೆನಪಿರಬಹುದು. ಜಲಂಧರಿನ ಒಬ್ಬ ಏಜೆಂಟ್ ನಕಲಿ ಪ್ರವೇಶ ಪತ್ರ ಕೊಟ್ಟು ಅವರನ್ನು ಕಳಿಸಿದ್ದ. ವಿಮಾನ ಇಳಿದ ಮೇಲೆ ಫೋನ್ ಮಾಡಿ, "ಆ ಕಾಲೇಜಿನಲ್ಲಿ ಸೀಟು ಭರ್ತಿಯಾಗಿದೆ, ಇನ್ನೊಂದಕ್ಕೆ ಸೇರಿಕೊಳ್ಳಿ" ಅನ್ನುತ್ತಿದ್ದ. ಹುಡುಗರು ಸೇರಿಕೊಂಡರು, ಓದಿದರು, ಕೆಲಸವನ್ನೂ ಹಿಡಿದರು. ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಮೊದಲ ಪತ್ರವೇ ಸುಳ್ಳು ಅಂತ ಗೊತ್ತಾಯಿತು. ಅಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ಕಾಲೇಜು ಬದಲಿಸಲು ತಿಳಿಸಿದರೆ ಸಾಕಿತ್ತು. ಆ ಸಡಿಲ ನಿಯಮವೇ ಏಜೆಂಟನಿಗೆ ಮರೆಯಾಯಿತು. 2023ರ ಡಿಸೆಂಬರಿನಿಂದ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳುವ ಪದ್ಧತಿ ಬಂತು. ಹನ್ನೊಂದು ತಿಂಗಳಾದ ಮೇಲೆ ಬದಲಾವಣೆಗೂ ಬೀಗ ಬಿತ್ತು.

ಇನ್ನೊಂದು ಲೆಕ್ಕವೂ ಇದೆ. 2024ರ ಮಾರ್ಚ್-ಏಪ್ರಿಲ್‌ನಲ್ಲಿ ಕೆನಡಾದ ಕಾಲೇಜುಗಳು ವಲಸೆ ಇಲಾಖೆಗೆ ಕೊಟ್ಟ ಹಾಜರಿ ವರದಿಗಳ ಪ್ರಕಾರ ಸುಮಾರು 50,000 ವಿದೇಶಿ ವಿದ್ಯಾರ್ಥಿಗಳು ತಮ್ಮ ಪರ್ಮಿಟ್‌ಗೆ ತಕ್ಕಂತೆ ಕಾಲೇಜಿಗೆ ಬಂದಿರಲಿಲ್ಲ. ಅವರಲ್ಲಿ ಸುಮಾರು 20,000 ಜನ ಭಾರತದವರು. ಎಲ್ಲರೂ ಮೋಸಗಾರರು ಅಂತ ನಾನು ನಂಬುವುದಿಲ್ಲ. ಕಾಲೇಜು ಬದಲಿಸಿದವರು, ವಾಪಸ್ ಬಂದವರು, ಫೀಸು ಕಟ್ಟಲಾಗದವರು ಎಲ್ಲ ಸೇರಿರುತ್ತಾರೆ. ಆದರೆ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದ ಅಧಿಕಾರಿ ಅಷ್ಟು ಸಹಾನುಭೂತಿಯಿಂದ ಓದುತ್ತಾನೆ ಅಂತ ನಿರೀಕ್ಷಿಸುವುದೂ ತಪ್ಪು.

ಹಾಗಾದರೆ ನಮ್ಮ ಬೆಳಗಾವಿಯವರ ಮಗಳು ಕಾಲೇಜು ಬದಲಿಸಲು ಹೊರಟದ್ದಾದರೂ ಯಾಕೆ? ಫೋಲ್ಡರ್ ಬಿಚ್ಚಿದಾಗ ಗೊತ್ತಾಯಿತು. ಅವಳು 2024ರ ಸೆಪ್ಟೆಂಬರಿನಲ್ಲಿ ಟೊರೊಂಟೊ ಪಕ್ಕದ ಒಂದು ಖಾಸಗಿ ಕ್ಯಾಂಪಸ್ಸಿಗೆ ಸೇರಿದ್ದಳು. ಸರ್ಟಿಫಿಕೇಟಿನ ಮೇಲೆ ಸರ್ಕಾರಿ ಕಾಲೇಜಿನ ಹೆಸರು, ಪಾಠ ನಡೆಯುವುದು ಖಾಸಗಿಯವರ ಕಟ್ಟಡದಲ್ಲಿ. ಇಂಥ ಪಾಲುದಾರಿಕೆಯ ಕೋರ್ಸುಗಳನ್ನು 2024ರ ಮೇ 15ರಿಂದ ಶುರು ಮಾಡಿದವರಿಗೆ ಓದು ಮುಗಿದ ಮೇಲಿನ ವರ್ಕ್ ಪರ್ಮಿಟ್ ಇಲ್ಲ ಅಂತ ಕೆನಡಾ ಮೊದಲೇ ಹೇಳಿತ್ತು. ಏಜೆಂಟ್ ಇವರಿಗೆ ಹೇಳಲಿಲ್ಲ. ಕೇಳಬೇಕು ಅಂತ ಇವರಿಗೂ ಗೊತ್ತಿರಲಿಲ್ಲ. ಹುಡುಗಿಗೆ ಮೊದಲ ಸೆಮಿಸ್ಟರಿನಲ್ಲಿ ಸಹಪಾಠಿಯೊಬ್ಬಳಿಂದ ತಿಳಿಯಿತು. ಆಗಿನಿಂದ ಅವಳಿಗೆ ಇದ್ದದ್ದು ಒಂದೇ ಯೋಚನೆ, ಇಲ್ಲಿಂದ ಹೊರಗೆ ಹೋಗುವುದು ಹೇಗೆ.

ಅಂದರೆ ಇವಳು ನಿಯಮ ಮುರಿಯಲು ಹೊರಟವಳಲ್ಲ. ತಪ್ಪು ಜಾಗದಲ್ಲಿ ಸಿಕ್ಕಿಬಿದ್ದವಳು. ಹೊಸ ನಿಯಮದ ಬಗ್ಗೆ ನನಗಿರುವ ತಕರಾರು ಇದೇ. ಮೋಸ ಮಾಡುವವನನ್ನು ಹಿಡಿಯಲು ಹಾಕಿದ ಬಾಗಿಲು ಮೋಸ ಹೋದವಳ ಮುಖಕ್ಕೂ ಮುಚ್ಚುತ್ತೆ. ಏಜೆಂಟ್ ಮಾತ್ರ ಎರಡೂ ಸಲ ಬಾಗಿಲ ಹೊರಗೇ ಇದ್ದಾನೆ, ಕಮಿಷನ್ ಎಣಿಸುತ್ತಾ.

ಅವಳು ಆರಿಸಿದ ಹೊಸ ಕೋರ್ಸಿಗೂ ಒಂದು ಕೊಕ್ಕೆ ಇತ್ತು. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರು, ಡಿಗ್ರಿ ಅಲ್ಲದೆ ಡಿಪ್ಲೊಮಾ ಥರದ ಕೋರ್ಸು ಓದುವುದಾದರೆ, ಮುಂದೆ ವರ್ಕ್ ಪರ್ಮಿಟ್ ಸಿಗಲು ಆ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ಆ ಪಟ್ಟಿ ನಿಂತ ನೀರಲ್ಲ. 2025ರ ಜೂನ್ 25ರಂದು 119 ಕೋರ್ಸು ಸೇರಿಸಿ 178 ತೆಗೆದರು. ಹತ್ತು ದಿನವೂ ಆಗಿರಲಿಲ್ಲ, ತೆಗೆದವುಗಳನ್ನು ಸದ್ಯಕ್ಕೆ ವಾಪಸ್ ಸೇರಿಸುತ್ತೇವೆ, 2026ರಲ್ಲಿ ನೋಡೋಣ ಅಂದರು. ಎರಡು ವರ್ಷದ ಕೋರ್ಸು ಆರಿಸುವ ಹದಿನೆಂಟರ ಹುಡುಗಿ ಹತ್ತು ದಿನಕ್ಕೆ ಬದಲಾಗುವ ಪಟ್ಟಿಯನ್ನು ಹಿಡಿದುಕೊಂಡು ಆರಿಸಬೇಕು.

ಆಸ್ಟ್ರೇಲಿಯಾದ ಕಥೆಗೆ ಬರೋಣ. ಅದು ಎಲ್ಲಕ್ಕಿಂತ ಹಳೆಯದು, ಹಾಗಾಗಿ ಎಲ್ಲಕ್ಕಿಂತ ಕಲಿಸುವಂಥದ್ದು. ಅಲ್ಲಿ ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಮುಗಿಯುವ ತನಕ ಕಾಲೇಜು ಬಿಡುವಂತಿಲ್ಲ. ಬಿಡಲೇಬೇಕಾದರೆ ಹಳೆ ಕಾಲೇಜು ಬಿಡುಗಡೆ ಕೊಡಬೇಕು. ಇಲ್ಲಿ 'ಮುಖ್ಯ ಕೋರ್ಸು' ಅನ್ನುವ ಮಾತಿನಲ್ಲೇ ಬಹಳ ಜನ ಮುಗ್ಗರಿಸುತ್ತಾರೆ. ಇಂಗ್ಲಿಷ್ ಕೋರ್ಸು, ಆಮೇಲೆ ಡಿಪ್ಲೊಮಾ, ಆಮೇಲೆ ಡಿಗ್ರಿ ಅಂತ ಒಂದೇ ಪ್ಯಾಕೇಜಿನಲ್ಲಿ ವೀಸಾ ತಗೊಂಡಿದ್ದರೆ ಮುಖ್ಯ ಕೋರ್ಸು ಕೊನೆಯ ಡಿಗ್ರಿಯೇ. ಆರು ತಿಂಗಳ ಎಣಿಕೆ ಅದು ಶುರುವಾದ ದಿನದಿಂದ. ವಿಮಾನ ಇಳಿದ ದಿನದಿಂದ ಎಣಿಸಿಕೊಂಡವರು ಕೆಟ್ಟರು.

ಆದರೂ ದಾರಿ ಹುಡುಕಿದರು. ವೀಸಾ ಸಿಗುವುದು ಸುಲಭ ಅಂತ ಒಳ್ಳೆಯ ಯೂನಿವರ್ಸಿಟಿಯ ಹೆಸರಿನಲ್ಲಿ ಹೋಗುವುದು. ಅಲ್ಲಿ ಹೆಸರು ಉಳಿಸಿಕೊಂಡೇ ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ಒಂದು ಅಗ್ಗದ ವೃತ್ತಿ ತರಬೇತಿ ಕಾಲೇಜಿಗೂ ಸೇರಿಕೊಳ್ಳುವುದು. ನಿಧಾನಕ್ಕೆ ಮೊದಲನೆಯದನ್ನು ಬಿಡುವುದು. ಒಂದೇ ಸಲಕ್ಕೆ ಎರಡು ಕಡೆ ದಾಖಲಾಗಲು ಇದ್ದ ಅವಕಾಶವನ್ನು ಹೀಗೆ ಬಳಸಿದವರು 2023ರ ಮೊದಲ ಆರು ತಿಂಗಳಲ್ಲಿ ಎಷ್ಟು ಹೆಚ್ಚಾದರೆಂದರೆ, ಆ ಅವಧಿಯಲ್ಲಿ 17,000 ಜೋಡಿ ದಾಖಲಾತಿ ಆಗಿವೆ ಅಂತ ಸರ್ಕಾರವೇ ಹೇಳಿತು. ಆಗಸ್ಟ್ ಕೊನೆಗೆ ಆ ಕಿಂಡಿ ಮುಚ್ಚಿತು.

ಇದರಲ್ಲಿ ದುಡ್ಡು ಯಾರಿಗೆ ಅಂತ ನೋಡಿದರೆ ಚಿತ್ರ ಸ್ಪಷ್ಟವಾಗುತ್ತೆ. ವಿದ್ಯಾರ್ಥಿಯನ್ನು ತಂದುಕೊಟ್ಟ ಏಜೆಂಟನಿಗೆ ಕಾಲೇಜು ಕಮಿಷನ್ ಕೊಡುತ್ತೆ. ಅದೇ ವಿದ್ಯಾರ್ಥಿಯನ್ನು ಇನ್ನೊಂದು ಕಾಲೇಜಿಗೆ ದಾಟಿಸಿದರೆ ಇನ್ನೊಂದು ಕಮಿಷನ್ ಸಿಗುತ್ತಿತ್ತು. ನಮ್ಮ ಎಫ್‌ಸಿ ರೋಡಿನಲ್ಲಿ 'ಸ್ಟಡಿ ಅಬ್ರಾಡ್' ಬೋರ್ಡು ಹಾಕಿಕೊಂಡವರಲ್ಲಿ ಪ್ರಾಮಾಣಿಕರೂ ಇದ್ದಾರೆ, ನನಗೇ ಪರಿಚಯದವರು ಇದ್ದಾರೆ. ಆದರೆ ನಿಮ್ಮಿಂದ ಒಂದು ಪೈಸೆಯೂ ತಗೊಳ್ಳದೆ ಅಷ್ಟು ಕೆಲಸ ಮಾಡುವವರು ಯಾರ ದುಡ್ಡಿನಲ್ಲಿ ಎಸಿ ಹಾಕಿಸಿಕೊಂಡಿದ್ದಾರೆ ಅಂತ ಒಮ್ಮೆ ಯೋಚಿಸಬೇಕಲ್ವಾ?

ಆಸ್ಟ್ರೇಲಿಯಾದಲ್ಲಿ ಇನ್ನೊಂದು ನಿಯಮ ಇದೆ, ಅದನ್ನು ನಮ್ಮ ಮಕ್ಕಳು ಲಘುವಾಗಿ ತಗೊಳ್ಳುತ್ತಾರೆ. ವೀಸಾ ಯಾವ ಮಟ್ಟದ ಓದಿಗೆ ಸಿಕ್ಕಿದೆಯೋ ಆ ಮಟ್ಟದಿಂದ ಕೆಳಗೆ ಇಳಿಯುವಂತಿಲ್ಲ. ಪಿಎಚ್‌ಡಿಗೆ ಹೋದವರು ಮಾಸ್ಟರ್ಸ್‌ಗೆ ಇಳಿಯಬಹುದು, ಅಷ್ಟಕ್ಕೆ ವಿನಾಯಿತಿ. ಎಂ.ಎಸ್. ಕಷ್ಟ ಆಯಿತು, ಅಡುಗೆಯ ಡಿಪ್ಲೊಮಾ ಮಾಡ್ತೀನಿ ಅಂದರೆ ಮೊದಲು ಹೊಸ ವೀಸಾ ತಗೊಳ್ಳಬೇಕು. ತಗೊಳ್ಳದೆ ಇಳಿದರೆ ಇರುವ ವೀಸಾವೂ ರದ್ದಾಗಬಹುದು. ಆ ಹೊಸ ಅರ್ಜಿಯ ಶುಲ್ಕ 2024ರ ಜೂನ್ ತನಕ 710 ಆಸ್ಟ್ರೇಲಿಯನ್ ಡಾಲರ್ ಇತ್ತು. ಆ ಜುಲೈನಲ್ಲಿ 1,600 ಆಯಿತು, 2025ರ ಜುಲೈನಲ್ಲಿ 2,000. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟಿತು. ಅರ್ಜಿ ತಿರಸ್ಕಾರವಾದರೂ ಆ ದುಡ್ಡು ಬರುವುದಿಲ್ಲ. ಮನಸ್ಸು ಬದಲಾಯಿಸುವುದಕ್ಕೇ ಒಂದು ಲಕ್ಷ!

ಬ್ರಿಟನ್ನಿನದು ಬೇಗ ಹೇಳಿ ಮುಗಿಸಬಹುದು, ಅಲ್ಲಿ ಗೊಂದಲ ಕಡಿಮೆ. ವೀಸಾ ಸಿಗುವುದೇ ಯೂನಿವರ್ಸಿಟಿ ಸೀಟು ಖಾತ್ರಿ ಮಾಡಿ ಕೊಟ್ಟ ಕ್ಯಾಸ್ ಅನ್ನುವ ನಂಬರಿನ ಮೇಲೆ. ಯೂನಿವರ್ಸಿಟಿ ಬದಲಾದರೆ ಹೊಸ ಕ್ಯಾಸ್, ಹೊಸ ಅರ್ಜಿ, ಹೊಸ ಶುಲ್ಕ. ಅದೇ ಯೂನಿವರ್ಸಿಟಿಯೊಳಗೆ ಕೆಲವು ಷರತ್ತಿನ ಮೇಲೆ ಕೋರ್ಸು ಬದಲಿಸಬಹುದು, ಆದರೆ ಮಟ್ಟ ಇಳಿಯಬಾರದು, ಇರುವ ವೀಸಾದ ಅವಧಿಯೊಳಗೇ ಮುಗಿಯಬೇಕು. 2023ರ ಜುಲೈ 17ಕ್ಕೆ ಮುಂಚೆ ಅಲ್ಲಿ ಇನ್ನೊಂದು ದಾರಿ ಇತ್ತು. ಓದನ್ನು ಅರ್ಧಕ್ಕೆ ಬಿಟ್ಟು ಕೆಲಸದ ವೀಸಾಗೆ ಜಿಗಿಯುವುದು. ವೃದ್ಧರ ಆರೈಕೆ ಕೆಲಸಕ್ಕೆ ಹೀಗೆ ಜಿಗಿದವರು ಬಹಳ. ಈಗ ಕೋರ್ಸು ಮುಗಿಸದೆ ಆಗುವುದಿಲ್ಲ. ಪಿಎಚ್‌ಡಿಯವರಾದರೆ ಎರಡು ವರ್ಷ ಮುಗಿಸಿರಬೇಕು.

ಅಮೆರಿಕ ಈ ವಿಷಯದಲ್ಲಿ ಉದಾರಿ ಅಂತ ನಾನು ಟೇಬಲ್ಲಿನ ಆಚೆ ಕೂತವರಿಗೆ ಹೇಳುತ್ತಾ ಬಂದವನು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರು ಯೂನಿವರ್ಸಿಟಿ ಬದಲಿಸಲು ಸರ್ಕಾರದ ಅನುಮತಿ ಕೇಳಬೇಕಾಗಿರಲಿಲ್ಲ. ಹಳೆ ಯೂನಿವರ್ಸಿಟಿಯ ಅಧಿಕಾರಿ ಸೆವಿಸ್ ಅನ್ನುವ ಸರ್ಕಾರಿ ದಾಖಲೆ ವ್ಯವಸ್ಥೆಯಲ್ಲಿ ಒಂದು ದಿನ ಗೊತ್ತು ಮಾಡಿ ನಿಮ್ಮ ಕಡತವನ್ನು ಹೊಸ ಯೂನಿವರ್ಸಿಟಿಗೆ ದಾಟಿಸುತ್ತಾರೆ. ಹೊಸಬರು ಐ-20 ಅನ್ನುವ ಪ್ರವೇಶದ ದಾಖಲೆಯನ್ನು ಹೊಸದಾಗಿ ಕೊಡುತ್ತಾರೆ. ಸೆವಿಸ್ ಶುಲ್ಕದ 350 ಡಾಲರನ್ನು ಮತ್ತೆ ಕಟ್ಟಬೇಕಿಲ್ಲ. ಪಾಸ್‌ಪೋರ್ಟಿನ ವೀಸಾದಲ್ಲಿ ಹಳೆ ಹೆಸರೇ ಇದ್ದರೂ ಅವಧಿ ಇರುವ ತನಕ ನಡೆಯುತ್ತೆ. ಹಳೆಯದು ಬಿಟ್ಟ ಐದು ತಿಂಗಳೊಳಗೆ ಹೊಸ ಕಡೆ ತರಗತಿ ಶುರುವಾಗಬೇಕು ಅನ್ನುವುದೊಂದನ್ನು ನೆನಪಿಟ್ಟುಕೊಂಡರೆ ಸಾಕಿತ್ತು.

ಈ ಉದಾರತೆಯ ನೆರಳಿನಲ್ಲೇ ದೊಡ್ಡ ಬಲೆಯೂ ಇತ್ತು. 2019ರ ಜನವರಿಯಲ್ಲಿ ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಯೂನಿವರ್ಸಿಟಿಯ ಸುದ್ದಿ ಬಂತು. ಅಲ್ಲಿ ಪ್ರೊಫೆಸರಿಲ್ಲ, ಪಾಠವಿಲ್ಲ. ವಲಸೆ ಇಲಾಖೆಯ ಅಧಿಕಾರಿಗಳೇ ಗುಟ್ಟಾಗಿ ತೆರೆದ ನಕಲಿ ಯೂನಿವರ್ಸಿಟಿ ಅದು. ಸುಮಾರು 600 ವಿದ್ಯಾರ್ಥಿಗಳು ಅದರಲ್ಲಿ ಹೆಸರು ದಾಖಲಿಸಿದ್ದರು, ಬಹುತೇಕ ಭಾರತದವರು. ಹೆಚ್ಚಿನವರು ಆಗಲೇ ಅಮೆರಿಕದಲ್ಲಿ ಇದ್ದವರು, ಬೇರೆ ಕಡೆಯಿಂದ ವರ್ಗಾವಣೆ ತಗೊಂಡು ಬಂದವರು. ಓದದೆಯೇ ಕೆಲಸ ಮಾಡುವ ಅನುಮತಿ ಸಿಗುತ್ತೆ ಅಂತ ಬಂದರು ಅಂತ ಸರ್ಕಾರ ಹೇಳಿತು. ನಿಜವಾದ ಕಾಲೇಜು ಅಂತಲೇ ನಂಬಿದ್ದೆವು ಅಂತ ಹಲವರು ಹೇಳಿದರು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 250 ಜನರ ಬಂಧನವಾಯಿತು. ಅದಕ್ಕೂ ಮುಂಚೆ, 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮುಚ್ಚಿದಾಗ ನಮ್ಮ ಹುಡುಗರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದ್ದರು. ಆ ಫೋಟೋ ನೋಡಿ ನಮ್ಮ ಬ್ರಾಂಚಿಗೆ ಓಡಿಬಂದ ತಂದೆಯೊಬ್ಬರು ಇನ್ನೂ ನೆನಪಿದ್ದಾರೆ. ಅವರ ಮಗ ಓದುತ್ತಿದ್ದದ್ದು ಬೇರೆ ರಾಜ್ಯದ ಬೇರೆ ಯೂನಿವರ್ಸಿಟಿಯಲ್ಲಿ. ಆದರೂ ಕಂತು ನಿಲ್ಲಿಸಿ ಅಂದರು.

2025ರ ಆಗಸ್ಟ್ 28ರಂದು ಅಮೆರಿಕ ಒಂದು ಪ್ರಸ್ತಾವ ಹೊರಡಿಸಿತು. ಓದು ಮುಗಿಯುವ ತನಕ ಇರಬಹುದು ಅನ್ನುವ ದಶಕಗಳ ಹಳೆಯ ಪದ್ಧತಿ ತೆಗೆದು, ಹೆಚ್ಚೆಂದರೆ ನಾಲ್ಕು ವರ್ಷದ ಗಡುವು ಹಾಕುವುದು ಅದರ ತಿರುಳು. ಪತ್ರಿಕೆಗಳಲ್ಲಿ ಅಷ್ಟೇ ಬಂತು. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಹೊಟ್ಟೆಯೊಳಗೆ ಇತ್ತು. ಡಿಗ್ರಿ ಓದುವವರು ಮೊದಲ ವರ್ಷದಲ್ಲಿ ಕೋರ್ಸೂ ಬದಲಿಸಬಾರದು, ಯೂನಿವರ್ಸಿಟಿಯನ್ನೂ ಬಿಡಬಾರದು, ವಿನಾಯಿತಿ ಸಿಕ್ಕರೆ ಮಾತ್ರ ಬೇರೆ ಮಾತು. ಮಾಸ್ಟರ್ಸ್ ಮತ್ತು ಅದಕ್ಕಿಂತ ಮೇಲಿನವರು ನಡುವೆ ಕೋರ್ಸು ಬದಲಿಸುವಂತೆಯೇ ಇಲ್ಲ. ಒಂದು ಮಾಸ್ಟರ್ಸ್ ಮುಗಿಸಿ ಅದೇ ವೀಸಾದಲ್ಲಿ ಇನ್ನೊಂದು ಮಾಸ್ಟರ್ಸ್ ಮಾಡುವುದೂ ಇಲ್ಲ, ಓದುವುದಾದರೆ ಮೇಲಿನ ಮಟ್ಟಕ್ಕೇ. ಓದು ಮುಗಿದ ಮೇಲೆ ಉಳಿಯಲು ಕೊಡುತ್ತಿದ್ದ 60 ದಿನ 30 ಆಗಬೇಕು.

ಪ್ರಸ್ತಾವ ಅಂತಿಮವಾಗಿ ಯಾವ ರೂಪ ತಾಳಿದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಹೇಳಲು ಇಷ್ಟು ಸಾಕು. ನನಗೆ ಇದರಲ್ಲಿ ಅರ್ಥವಾಗದ ಮಾತು ಒಂದೇ. ಮೆಕ್ಯಾನಿಕಲ್ ಓದಲು ಹೋಗಿ ಅಲ್ಲಿ ಡೇಟಾ ಸೈನ್ಸ್ ಕಡೆ ತಿರುಗಿದ ಹುಡುಗರ ಸಾಲವನ್ನು ನಾನೇ ಮಂಜೂರು ಮಾಡಿದ್ದೇನೆ. ಅವರೇ ಬೇಗ ತೀರಿಸಿದರು. ಅಮೆರಿಕದ ಓದಿನ ಹೆಚ್ಚುಗಾರಿಕೆಯೇ ಈ ತಿರುಗಾಟ ಅಂತ ಅವರ ಯೂನಿವರ್ಸಿಟಿಗಳೇ ಜಾಹೀರಾತು ಮಾಡುತ್ತಿದ್ದವು. ಅದನ್ನೇ ಕತ್ತರಿಸಿದರೆ ಆ ಫೀಸಿಗೆ ಉಳಿಯುವುದೇನು?

ಇಷ್ಟು ಹೊತ್ತು ಪರದೇಶದ ಮಾತಾಯಿತು. ಪುಣೆಯಲ್ಲೇ ಇದರ ಕನ್ನಡಿ ಇದೆ. ಯೆಮೆನ್, ಸುಡಾನ್, ಅಫ್ಘಾನಿಸ್ತಾನದ ಹುಡುಗರು ಇಲ್ಲಿಗೆ ಓದಲು ಬರುತ್ತಾ ಎಷ್ಟೋ ದಶಕ ಆಯಿತು. ನಮಗೆ ಬೇಕಾದ ಧಾರವಾಡದ ಕಾಕೂ ಒಬ್ಬರು ಕೋಥ್ರೂಡಿನ ತಮ್ಮ ಮೇಲಿನ ಮನೆಯನ್ನು ಇಬ್ಬರು ಸುಡಾನಿ ಹುಡುಗರಿಗೆ ಬಾಡಿಗೆ ಕೊಟ್ಟಿದ್ದರು. ಸಂಕ್ರಾಂತಿಗೆ ಎಳ್ಳು ಹೋಳಿಗೆ ಕೊಟ್ಟರೆ ಹುಡುಗರು ಈದ್‌ಗೆ ಖರ್ಜೂರ ತಂದುಕೊಡುತ್ತಿದ್ದರು. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು 24 ಗಂಟೆಯೊಳಗೆ ಸಿ-ಫಾರ್ಮ್ ತುಂಬಬೇಕು ಅಂತ ಗೊತ್ತಾದ ದಿನ ಕಾಕೂ ಗಾಬರಿಯಾಗಿ ನನಗೆ ಫೋನ್ ಮಾಡಿದ್ದರು. "ಏ, ನಾ ಏನ್ ಹೋಟೆಲ್ ನಡಸ್ತೀನೇನೋ?"

ಆ ಹುಡುಗರಲ್ಲಿ ಒಬ್ಬ ಬಿಕಾಂ ಬಿಟ್ಟು ಬೇರೆ ಕಾಲೇಜಿನಲ್ಲಿ ಬಿಬಿಎಗೆ ಸೇರಬೇಕು ಅಂದ. ಅವನಿಗೆ ಇಲ್ಲಿಯ ಸರ್ಕಾರದ ಒಪ್ಪಿಗೆ ಬೇಕಿತ್ತು. ಭಾರತದ ಸ್ಟೂಡೆಂಟ್ ವೀಸಾವೂ ಸೇರಿದ ಸಂಸ್ಥೆಗೆ ಕಟ್ಟಿದ್ದೇ. ಕೋರ್ಸು ಅಥವಾ ಕಾಲೇಜು ಬದಲಾದರೆ ವಿದೇಶಿಯರ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. 2018ರಿಂದ ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ ಈ ಕೆಲಸ ಆಗುತ್ತೆ. ಹೊಸ ಕಾಲೇಜಿನ ಬೋನಾಫೈಡ್, ಹಳೆ ಕಾಲೇಜಿನ ಎನ್‌ಒಸಿ, ಕಾಕೂ ಮನೆಯ ಬಾಡಿಗೆ ಕರಾರು ಎಲ್ಲವನ್ನೂ ಅವನು ನಮ್ಮ ಮನೆಯ ಕಂಪ್ಯೂಟರಿನಲ್ಲೇ ಅಪ್‌ಲೋಡ್ ಮಾಡಿದ್ದ. ಫೈಲ್ ದೊಡ್ಡದಾಯಿತು ಅಂತ ಪೋರ್ಟಲ್ ಮೂರು ಸಲ ವಾಪಸ್ ಎಸೆಯಿತು. ನಾಲ್ಕನೇ ಸಲಕ್ಕೆ ಹೋಯಿತು. ಆಮೇಲೆ ಆರು ವಾರ ದಿನಾ ಬೆಳಿಗ್ಗೆ ಬಂದು, "ಅಂಕಲ್, ಸ್ಟೇಟಸ್ ನೋಡ್ಲಾ?" ಅಂತ ಮುರುಕು ಹಿಂದಿಯಲ್ಲಿ ಕೇಳುತ್ತಿದ್ದ.

2025ರ ಸೆಪ್ಟೆಂಬರ್ 1ರಿಂದ ನಮ್ಮಲ್ಲೂ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳ ಜಾಗಕ್ಕೆ ಇದೊಂದೇ. ವಿದೇಶಿ ವಿದ್ಯಾರ್ಥಿಗಳ ವಿವರವನ್ನು ಕಾಲೇಜುಗಳು ಸರ್ಕಾರಕ್ಕೆ ಕೊಡಲೇಬೇಕು ಅನ್ನುವುದು ಇದರಲ್ಲೂ ಇದೆ. ಇದನ್ನು ಯಾಕೆ ಹೇಳಿದೆ ಅಂದರೆ, ಬೆಳಗಾವಿಯವರು ಕೇಳಿದ ಪ್ರಶ್ನೆಯನ್ನು ಸುಡಾನಿನ ಖಾರ್ಟೂಮಿನ ಯಾವುದೋ ಮನೆಯಲ್ಲಿ ಯಾರೋ ಅಪ್ಪ ಬಹಳ ಹಿಂದೆಯೇ ಕೇಳಿರುತ್ತಾನೆ, ನಮ್ಮ ದೇಶದ ಬಗ್ಗೆ. ನಮಗೆ ಕೇಳಿಸಿರಲಿಲ್ಲ, ಅಷ್ಟೇ.

ಈಗ ಸಾಲದ ಮಾತು. ಇದನ್ನು ವೀಸಾ ಬಗ್ಗೆ ಬರೆಯುವವರು ಯಾರೂ ಬರೆಯುವುದಿಲ್ಲ. ಆದರೆ ಮಧ್ಯಮ ವರ್ಗದ ಮನೆಗೆ ಬ್ಯಾಂಕಿನ ಮಂಜೂರಾತಿ ಪತ್ರವೇ ಎರಡನೇ ವೀಸಾ. ಅದರಲ್ಲೂ ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಅವಧಿ, ಸೆಮಿಸ್ಟರುವಾರು ಫೀಸು ಎಲ್ಲ ಬರೆದಿರುತ್ತೆ. ದುಡ್ಡು ನೇರ ಆ ಕಾಲೇಜಿಗೇ ಹೋಗುತ್ತೆ. ಕಾಲೇಜು ಬದಲಾದರೆ ಹೊಸ ಕಾಗದಗಳ ಮೇಲೆ ಮತ್ತೆ ಪರಿಶೀಲನೆ. ಹೊಸ ಕಾಲೇಜು ಬ್ಯಾಂಕಿನ ಪಟ್ಟಿಯಲ್ಲಿ ಇದೆಯಾ, ಈ ಕೋರ್ಸು ಮುಗಿಸಿದವರಿಗೆ ಕೆಲಸ ಸಿಗುತ್ತಾ, ಫೀಸು ಎಷ್ಟು ಏರಿತು, ಎಲ್ಲ ಪ್ರಶ್ನೆಗಳೂ ವಾಪಸ್. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಮನೆಯನ್ನೋ ಜಾಗವನ್ನೋ ಅಡವಿಟ್ಟಿರುತ್ತಾರೆ. ಸಾಲ ಹೆಚ್ಚಾದರೆ ಅಡವಿನ ಬೆಲೆಯನ್ನೂ ಮತ್ತೆ ತೂಗಬೇಕು.

ಬಡ್ಡಿಯ ಲೆಕ್ಕ ಇನ್ನೂ ಸರಳ. 25 ಲಕ್ಷ ಸಾಲ, ಶೇಕಡಾ 10 ಬಡ್ಡಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಎರಡೂವರೆ ಲಕ್ಷ ಬಡ್ಡಿ. ಪರ್ಮಿಟ್‌ಗೆ ಕಾಯುತ್ತಾ ಒಂದು ಸೆಮಿಸ್ಟರ್ ಹೋಯಿತು ಅಂದರೆ ಒಂದೂಕಾಲು ಲಕ್ಷ ಸುಮ್ನೆ ಕೂಡಿತು. ಓದುವ ಕಾಲ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ ಅನ್ನುವ ರಿಯಾಯಿತಿ ಇರುತ್ತೆ ನಿಜ. ಕಟ್ಟಬೇಕಿಲ್ಲ ಅಷ್ಟೇ, ಬೆಳೆಯುವುದು ನಿಲ್ಲುವುದಿಲ್ಲ. ಅಲ್ಲಿಯ ವಲಸೆ ಅಧಿಕಾರಿ 'ಪರಿಶೀಲನೆಯಲ್ಲಿದೆ' ಅಂತ ಬರೆದ ಪ್ರತಿ ದಿನಕ್ಕೂ ಇಲ್ಲಿ ಸುಮಾರು 685 ರೂಪಾಯಿ.

ಅದಕ್ಕೇ ಯಾರು ಬಂದರೂ ನಾನು ಹೇಳುವುದು ಕೆಲಸದ ಅನುಕ್ರಮವನ್ನು. ಹೊಸ ಜಾಗ ಗಟ್ಟಿಯಾಗುವ ತನಕ ಹಳೆ ಕಾಲೇಜು ಬಿಡಬೇಡಿ, ತರಗತಿ ತಪ್ಪಿಸಬೇಡಿ. ಹಾಜರಿ ಹೋದರೆ ಅರ್ಜಿಯೂ ಹೋಯಿತು. ಡಿಪಾಜಿಟ್ ಕಟ್ಟುವ ಮುಂಚೆ ಎರಡೂ ಕಾಲೇಜುಗಳ ವಿದೇಶಿ ವಿದ್ಯಾರ್ಥಿ ವಿಭಾಗಕ್ಕೆ ಇ-ಮೇಲ್ ಬರೆಯಿರಿ. ಫೋನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಾಲೇಜು ಬದಲಿಸದೆ ಅಲ್ಲಿಯೇ ಕೋರ್ಸು ಬದಲಿಸಿದರೆ ಕೆಲಸ ಆಗುತ್ತಾ ನೋಡಿ. ಕೆನಡಾದಲ್ಲಿ ಒಂದೇ ಕಾಲೇಜಿನೊಳಗಿನ ಬದಲಾವಣೆಗೆ ಸಾಮಾನ್ಯವಾಗಿ ಹೊಸ ಪರ್ಮಿಟ್ ಬೇಕಾಗುವುದಿಲ್ಲ. ವೀಸಾಗೆ ಮೊದಲು ಬರೆದ 'ನಾನು ಈ ಕೋರ್ಸನ್ನೇ ಯಾಕೆ ಆರಿಸಿದೆ' ಅನ್ನುವ ಪತ್ರದ ಪ್ರತಿ ಇಟ್ಟುಕೊಂಡಿರಿ. ಎರಡನೇ ಅಧಿಕಾರಿ ಮೊದಲನೆಯ ಪತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಬಹುದು. ಆಗ ಏಜೆಂಟ್ ಬರೆದುಕೊಟ್ಟಿದ್ದ ಪತ್ರದಲ್ಲಿ ಏನಿತ್ತು ಅಂತ ಬಹಳ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಬೆಳಗಾವಿಯವರ ಮಗಳಿಗೂ ಗೊತ್ತಿರಲಿಲ್ಲ. ಆ ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್ ಮಾಡಿದೆವು, ಅಲ್ಲಿ ಮಧ್ಯಾಹ್ನ ಹನ್ನೆರಡು. ಹುಡುಗಿ ಬಸ್ ಸ್ಟಾಪಿನಲ್ಲಿ ನಿಂತಿದ್ದಳು, ತಲೆ ತುಂಬ ಟೋಪಿ. ನಾನು ಹಳೆ ಪತ್ರದ ಒಂದು ಸಾಲು ಓದಿದೆ. "ನನ್ನ ತಂದೆಯ ಲಾಜಿಸ್ಟಿಕ್ಸ್ ವ್ಯವಹಾರವನ್ನು ಬೆಳೆಸುವ ಉದ್ದೇಶದಿಂದ..." ಅವಳ ತಂದೆಗೆ ಇರುವುದು ಭೋಸರಿಯಲ್ಲಿ ಒಂದು ಟೆಂಪೊ. ಹುಡುಗಿ ನಕ್ಕಳು. ಅವಳ ಅಮ್ಮ ನಗಲಿಲ್ಲ.

ಹುಡುಗಿ ನವೆಂಬರಿನಲ್ಲಿ ಹೊಸ ಪರ್ಮಿಟ್‌ಗೆ ಅರ್ಜಿ ಹಾಕಿದಳು, ಈ ಸಲ ಪತ್ರ ತಾನೇ ಬರೆದು. ಉತ್ತರ ಬರುವ ತನಕ ಹಳೆ ಕಾಲೇಜಿಗೇ ಹೋಗಬೇಕು. ಹಳೆ ಕಾಲೇಜಿನ ಮುಂದಿನ ಸೆಮಿಸ್ಟರಿನ ಫೀಸಿಗೆ ಜನವರಿಯ ಗಡುವು ಬಂತು. ಮುಂದಿನ ಕಂತು ಬಿಡಿ ಅಂತ ಅವರು ಬ್ಯಾಂಕಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಟೇಬಲ್ಲಿನ ಆ ಕಡೆ ಈಗ ಹೊಸ ಹುಡುಗಿ ಕೂತಿದ್ದಾಳೆ, ಸಾಂಗ್ಲಿಯವಳು. ನೀಲಿ ಫೋಲ್ಡರನ್ನು ಪೂರ್ತಿ ತಿರುವಿ ನೋಡಿ, ಪೆನ್ನಿನ ಮುಚ್ಚಳ ತೆಗೆದು ಮರಾಠಿಯಲ್ಲಿ ಕೇಳಿದಳು: "ಕಾಕಾ, ಯಾವ ಕಾಲೇಜಿನ ಹೆಸರು ಬರೀಲಿ?"